ವಂಕಿ, ಮಾತ್ರೆ, ಸೂಜಿ, ಆಪರೇಷನ್: ನಮಗೆ ಯಾವುದು ಸರಿಹೋಗುತ್ತೆ?

ಮಕ್ಕಳಾಗದಂತೆ ತಡೆಯುವ ವಿಧಾನಗಳ ಬಗ್ಗೆ ಯಾವ ಪಟ್ಟಿ ತೆಗೆದು ನೋಡಿದರೂ ಮೊದಲ ಸಾಲಿನಲ್ಲಿ ಇರುವುದು ಒಂದೇ ವಿಷಯ. ಯಾವುದು ಎಷ್ಟು ಗಟ್ಟಿ ಅನ್ನೋದು. ಅದು ಬೇಕಾದ ವಿಷಯವೇ. ಆದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಹೆಣ್ಣುಮಕ್ಕಳು ತಮ್ಮತಮ್ಮಲ್ಲೇ ಮಾತಾಡುವಾಗ ಅದು ಬರುವುದು ಕೊನೆಗೆ. ಮೊದಲು ಬರುವ ಪ್ರಶ್ನೆಗಳೇ ಬೇರೆ. "ಬ್ಲೀಡಿಂಗ್ ಜಾಸ್ತಿ ಆಗುತ್ತಾ?" "ನಮ್ಮತ್ತೆಗೆ ಗೊತ್ತಾಗುತ್ತಾ?" "ತೆಗೆಸಿದ ಮೇಲೆ ಮಗು ಆಗುತ್ತಲ್ವಾ?" "ಮಾರನೇ ದಿನ ಕೆಲಸಕ್ಕೆ ಹೋಗಬಹುದಾ?" "ದಪ್ಪ ಆಗ್ತೀನಾ?"

ನನ್ನ ಮಟ್ಟಿಗೆ ಇವೇ ಸರಿಯಾದ ಪ್ರಶ್ನೆಗಳು. ಎಂಥ ಒಳ್ಳೆಯ ವಿಧಾನವಾದರೂ ಎರಡು ತಿಂಗಳಿಗೆ ಬಿಟ್ಟುಬಿಟ್ಟರೆ ಏನು ಬಂತು? ಹಾಗೆ ಬಿಡುವ ಕಾರಣವೆಲ್ಲ ಈ ಪ್ರಶ್ನೆಗಳಲ್ಲೇ ಇರುತ್ತದೆ. ಅದಕ್ಕೇ ಈ ಹೋಲಿಕೆಯನ್ನು ನಾನು ಅವುಗಳ ಹಿಂದೆಯೇ ನಡೆಸುತ್ತೇನೆ.

ಏನೇನಿದೆ, ಎಷ್ಟು ನಂಬಬಹುದು

ಸರ್ಕಾರಿ ಆಸ್ಪತ್ರೆಗಳಲ್ಲಿ ದುಡ್ಡಿಲ್ಲದೆ ಸಿಗುವವು ಇವು: ನಿರೋಧ್, ದಿನಕ್ಕೊಂದು ನುಂಗುವ ಮಾಲಾ-ಎನ್, ವಾರದ ಮಾತ್ರೆ ಛಾಯಾ, ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಅಂತರಾ ಸೂಜಿ, ಗರ್ಭಚೀಲದೊಳಗೆ ಇಡುವ ಕಾಪರ್ ಟಿ, ಹೆಂಗಸರ ಆಪರೇಷನ್, ಗಂಡಸರ ಆಪರೇಷನ್, ತುರ್ತಿಗೆ ಈಜಿ ಪಿಲ್. ಕಾಪರ್ ಟಿಯನ್ನು ನಮ್ಮ ಕಡೆ ಹಳಬರು ವಂಕಿ ಅಂತಲೇ ಕರೆಯುವುದು. ಅದರಲ್ಲಿ ಎರಡು ಬಗೆ. ಒಂದು 5 ವರ್ಷದ್ದು, ಇನ್ನೊಂದು 10 ವರ್ಷದ್ದು. ನಿರೋಧ್ ಮತ್ತು ಮಾತ್ರೆಗಳನ್ನು ಆಶಾ ಕಾರ್ಯಕರ್ತೆಯೇ ತಂದುಕೊಡುತ್ತಾರೆ. ಖಾಸಗಿ ಆಸ್ಪತ್ರೆಗೆ ಹೋದರೆ ಹಾರ್ಮೋನ್ ಇರುವ ವಂಕಿಯೂ ಸಿಗುತ್ತದೆ. ಅದಕ್ಕೆ ಸಾವಿರಗಳಲ್ಲಿ ದುಡ್ಡು ಬೇಕು.

ಗಟ್ಟಿತನದ ಲೆಕ್ಕ ಹೀಗಿದೆ. ನೂರು ಹೆಂಗಸರು ಒಂದು ವರ್ಷ ಸಾಮಾನ್ಯವಾಗಿ ಬಳಸುವ ಹಾಗೆ ಬಳಸಿದರೆ, ವಂಕಿಯಲ್ಲೂ ಎರಡೂ ಆಪರೇಷನ್‌ಗಳಲ್ಲೂ ಒಬ್ಬರು ಬಸುರಾಗುವುದೂ ಅಪರೂಪ. ಅಂತರಾದಲ್ಲಿ ಸುಮಾರು 4 ಜನ. ದಿನದ ಮಾತ್ರೆಯಲ್ಲಿ 7. ನಿರೋಧ್‌ನಲ್ಲಿ 13. "ನಮ್ಮ ಯಜಮಾನ್ರು ಹುಷಾರಾಗಿರ್ತಾರೆ" ಅಂತ ಸುಮ್ನೆ ನಂಬಿಕೊಂಡಿದ್ದರೆ 20. ಏನೂ ಇಲ್ಲದಿದ್ದರೆ 85.

ಮಾತ್ರೆಯ 7ರ ಹಿಂದೆ ಇರುವುದು ಮಾತ್ರೆಯ ದೋಷವಲ್ಲ, ಮರೆವು. ದಿನಾ ತಪ್ಪದೆ ನುಂಗಿದವರಲ್ಲಿ ಆ ಲೆಕ್ಕ ಒಂದಕ್ಕಿಂತ ಕಡಿಮೆ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಗಳನ್ನು ನೋಡಿ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವುದಕ್ಕೆ ಅಲ್ಲಿ ಹೀಗೆ ಅನ್ನುವುದು) ಎದ್ದ ಮೇಲೆ ಸೊಪ್ಪು ಹಾಕುವುದಕ್ಕೆ ಹಗಲು ರಾತ್ರಿ ಅನ್ನೋದು ಇರುವುದಿಲ್ಲ. ಗೂಡು ಕಟ್ಟುವ ಹದಕ್ಕೆ ಬಂದ ಹಣ್ಣುಹುಳು ಆರಿಸಿ ಚಂದ್ರಿಕೆ ತಟ್ಟಿಗೆ ಬಿಡುವ ದಿನ ಹೆಂಗಸು ಊಟ ಮಾಡುವುದನ್ನೇ ಮರೆಯುತ್ತಾಳೆ. ಅವಳಿಗೆ ಮಾತ್ರೆ ನೆನಪಿರಲಿ ಅನ್ನುವುದು ಕಷ್ಟದ ಮಾತು. ಅಂಥ ಮನೆಗೆ ವಂಕಿಯೋ ಸೂಜಿಯೋ ವಾಸಿ.

ನರಸಾಪುರದ ಫ್ಯಾಕ್ಟರಿಗಳಲ್ಲೋ ವಸಂತನರಸಾಪುರದಲ್ಲೋ ಶಿಫ್ಟ್ ಕೆಲಸ ಮಾಡುವವರಿಗೆ ಇನ್ನೊಂದು ಆತಂಕ. "ನೈಟ್ ಶಿಫ್ಟ್ ಬಂದರೆ ಟೈಮ್ ಬದಲಾಗುತ್ತೆ, ಮಾತ್ರೆ ಕೆಲಸ ಮಾಡುತ್ತಾ?" ಮಾಡುತ್ತದೆ. ಮಾಲಾ-ಎನ್ ನಾಲ್ಕೈದು ಗಂಟೆ ಆಚೀಚೆ ಆದರೆ ತೊಂದರೆಯಿಲ್ಲ. ಒಂದು ಮಾತ್ರೆ ಬಿಟ್ಟುಹೋದರೆ ನೆನಪಾದ ಕೂಡಲೇ ನುಂಗಿ. ಆ ದಿನದ್ದನ್ನೂ ಸೇರಿಸಿ ಎರಡಾದರೂ ಪರವಾಗಿಲ್ಲ. ಎರಡು ಅಥವಾ ಹೆಚ್ಚು ದಿನ ಬಿಟ್ಟುಹೋಗಿದ್ದರೆ ಮಾತ್ರೆ ಮತ್ತೆ ಶುರುಮಾಡಿ, ಮುಂದಿನ 7 ದಿನ ನಿರೋಧ್ ಕೂಡ ಬಳಸಬೇಕು. ಪ್ಯಾಕೆಟ್‌ನಲ್ಲಿರುವ 28 ಮಾತ್ರೆಗಳಲ್ಲಿ ಕೊನೆಯ 7 ಕಬ್ಬಿಣಾಂಶದವು. ಅವು ಬಿಟ್ಟುಹೋದರೆ ಗರ್ಭ ನಿಲ್ಲುವ ಭಯವಿಲ್ಲ. ಆದರೆ ಹೊಸ ಪ್ಯಾಕೆಟ್ ಶುರುಮಾಡುವ ದಿನ ತಪ್ಪಬಾರದು.

ಬ್ಲೀಡಿಂಗ್ ವಿಷಯ

ನಾನು ಎಲ್ಲಕ್ಕಿಂತ ಮೊದಲು ಇದನ್ನೇ ಕೇಳಿಕೊಳ್ಳಿ ಅನ್ನುತ್ತೇನೆ. ಮುಟ್ಟಿನಲ್ಲಿ ಯಾವ ಬದಲಾವಣೆಯನ್ನು ನಾನು ತಡೆದುಕೊಳ್ಳಬಲ್ಲೆ, ಯಾವುದನ್ನು ತಡೆದುಕೊಳ್ಳಲಾರೆ?

ಸರ್ಕಾರಿ ಆಸ್ಪತ್ರೆಯ ವಂಕಿಯಲ್ಲಿ ಹಾರ್ಮೋನ್ ಇಲ್ಲ, ಬರೀ ತಾಮ್ರ. ಮುಟ್ಟು ತಿಂಗಳು ತಿಂಗಳು ಬರುತ್ತದೆ. ಆದರೆ ಮೊದಲ 3ರಿಂದ 6 ತಿಂಗಳು ರಕ್ತ ಜಾಸ್ತಿ ಹೋಗುತ್ತದೆ, ಹೊಟ್ಟೆನೋವೂ ಜಾಸ್ತಿ. ಆಮೇಲೆ ಹೆಚ್ಚಿನವರಿಗೆ ತಹಬಂದಿಗೆ ಬರುತ್ತದೆ. ಇದನ್ನು ಮೊದಲೇ ಹೇಳಿದ್ದರೆ ತಡೆದುಕೊಳ್ಳುವವರು, ಹೇಳದೆ ಹಾಕಿದರೆ ಹೆದರಿ ಎರಡೇ ತಿಂಗಳಿಗೆ ತೆಗೆಸುತ್ತಾರೆ. ಈಗಾಗಲೇ ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ, ರಕ್ತ ಕಡಿಮೆ ಇದ್ದರೆ, ವಂಕಿಗೆ ಮುಂಚೆ ಹಿಮೋಗ್ಲೋಬಿನ್ ನೋಡಿಸಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಅನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹಾಗಾಗಿ ಇದು ಎಲ್ಲೋ ಕೆಲವರ ಮಾತಲ್ಲ.

ಮಾಲಾ-ಎನ್ ಇದಕ್ಕೆ ಉಲ್ಟಾ. ಮುಟ್ಟು ದಿನ ತಪ್ಪದೆ ಬರುತ್ತದೆ, ಕಡಿಮೆ ಹೋಗುತ್ತದೆ, ನೋವೂ ಕಡಿಮೆ. ಮೊದಲ ಎರಡು ಮೂರು ತಿಂಗಳು ವಾಕರಿಕೆ, ನಡುನಡುವೆ ಸ್ವಲ್ಪ ಕಲೆ ಕಾಣಬಹುದು. ದಿನ ಗೊತ್ತಿರಬೇಕು, ಲೆಕ್ಕ ತಪ್ಪಬಾರದು ಅನ್ನುವವರಿಗೆ ಇದು ಸರಿ.

ಅಂತರಾದಲ್ಲಿ ಲೆಕ್ಕವೇ ಇಲ್ಲ. ಮೊದಲ ತಿಂಗಳುಗಳಲ್ಲಿ ಯಾವಾಗ ಬೇಕಾದರೂ ಕಲೆ ಕಾಣಬಹುದು, ಕೆಲವರಿಗೆ ಹತ್ತು ಹದಿನೈದು ದಿನ ಎಳೆಯುತ್ತದೆ. ಒಂದು ವರ್ಷ ಬಳಸುವಷ್ಟರಲ್ಲಿ ಸುಮಾರು ಅರ್ಧದಷ್ಟು ಹೆಂಗಸರಿಗೆ ಮುಟ್ಟೇ ನಿಂತುಹೋಗುತ್ತದೆ. "ಕೆಟ್ಟ ರಕ್ತ ಒಳಗೇ ಉಳಿದು ಗಡ್ಡೆ ಕಟ್ಟುತ್ತೆ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಅದು ನಿಜವಲ್ಲ. ಈ ಸೂಜಿ ಇರುವಾಗ ಗರ್ಭಚೀಲದ ಒಳಪದರ ದಪ್ಪವಾಗಿ ಬೆಳೆಯುವುದೇ ಇಲ್ಲ. ಹೊರಗೆ ಹೋಗಬೇಕಾದದ್ದು ಒಳಗೆ ಏನೂ ಇರುವುದಿಲ್ಲ. ರಕ್ತ ಕಡಿಮೆ ಇರುವವರಿಗೆ ಮುಟ್ಟು ನಿಲ್ಲುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ. ತೂಕದ ವಿಷಯಕ್ಕೆ ಬಂದರೆ, ಅಂತರಾದಲ್ಲಿ ವರ್ಷಕ್ಕೆ ಸರಾಸರಿ ಒಂದೆರಡು ಕೆ.ಜಿ. ಏರುತ್ತದೆ. ವಂಕಿಯಿಂದ ತೂಕ ಏರುವುದಿಲ್ಲ.

ಛಾಯಾದಲ್ಲಿ ಹಾರ್ಮೋನ್ ಇಲ್ಲ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ ನಮ್ಮ ದೇಶದ್ದೇ ಮಾತ್ರೆ ಅದು. ಮೊದಲ 3 ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೆ ಒಂದು. ವಾಕರಿಕೆ, ತಲೆಸುತ್ತು ಹೆಚ್ಚಿನವರಿಗೆ ಇರುವುದಿಲ್ಲ. ಮುಟ್ಟು ಮಾತ್ರ ಕೆಲವರಿಗೆ ಮುಂದೆ ಹೋಗುತ್ತದೆ. ಮುಟ್ಟು ಮುಂದೆ ಹೋದಾಗಲೆಲ್ಲ "ಬಸುರು ನಿಂತುಬಿಡ್ತೇನೋ" ಅಂತ ಎದೆ ಹೊಡೆದುಕೊಳ್ಳುವವರಿಗೆ ಇದು ಹಿಂಸೆ.

ಕಲೆ ಕಾಣುವುದನ್ನು ಡಾಕ್ಟರುಗಳು ಸಣ್ಣ ತೊಂದರೆಯ ಪಟ್ಟಿಗೆ ಸೇರಿಸುತ್ತಾರೆ. ಎಲ್ಲ ಮನೆಯಲ್ಲೂ ಅದು ಸಣ್ಣದಲ್ಲ. ಮುಟ್ಟಾದರೆ ಅಡುಗೆಮನೆಗೆ ಹೋಗದ, ದೇವರ ಮನೆ ಮುಟ್ಟದ ಮನೆಗಳು ನಮ್ಮಲ್ಲಿ ಇನ್ನೂ ಎಷ್ಟೋ ಇವೆ. ತುಮಕೂರು ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು ಹಟ್ಟಿಯಿಂದ ಹೊರಗೇ ಇರಬೇಕು ಅನ್ನುವ ಕಟ್ಟಲೆ ಪೂರ್ತಿ ಹೋಗಿಲ್ಲ. ಅಲ್ಲಿ ಹದಿನೈದು ದಿನ ಕಲೆ ಕಂಡರೆ ಹದಿನೈದು ದಿನ ಮಳೆ ಚಳಿಯಲ್ಲಿ ಹೊರಗೆ. ಆ ಹೆಣ್ಣುಮಗಳು "ಸೂಜಿ ಬೇಡ" ಅಂದರೆ ಅದು ತಿಳಿಗೇಡಿತನ ಅಲ್ಲ. ಅವಳ ಬದುಕು ಅವಳಿಗೆ ಗೊತ್ತು. ಕಟ್ಟಲೆ ಹೋಗಬೇಕು, ನಿಜ. ಅದು ಹೋಗುವವರೆಗೆ ಅವಳಿಗೆ ದಿನ ತಪ್ಪದ ಮುಟ್ಟು ಕೊಡುವ ವಿಧಾನವನ್ನು ಹುಡುಕಿಕೊಡುವುದು ಆಸ್ಪತ್ರೆಯವರ ಕೆಲಸ.

ಯಾರಿಗೆ ಗೊತ್ತಾಗುತ್ತೆ

ಕೂಡುಮನೆಯಲ್ಲಿ ಮಾತ್ರೆ ಇಡುವುದಕ್ಕೆ ಜಾಗ ಎಲ್ಲಿದೆ? ಬೀರು ಎಲ್ಲರದ್ದು, ಕೀ ಅತ್ತೆಯದ್ದು. ನಿರೋಧ್ ಆದರೆ ಗಂಡ ಒಪ್ಪಬೇಕು, ತಂದಿಡಬೇಕು, ಪ್ರತಿ ಸಲ ಹಾಕಬೇಕು. ಅವನಿಗೆ ಕುಡಿತ ಇದ್ದರೆ ಆ ಮಾತು ಅಲ್ಲಿಗೇ ಮುಗಿಯಿತು.

ಯಾರ ಕಣ್ಣಿಗೂ ಬೀಳದಿರುವುದು ಅಂತರಾ ಮತ್ತು ವಂಕಿ. ಅಂತರಾಕ್ಕೆ ಮುಂದಿನ ತಾರೀಕು ಬರೆದ ಕಾರ್ಡ್ ಕೊಡುತ್ತಾರೆ. ಮನೆಯಲ್ಲಿ ಇಡಲಾಗದಿದ್ದರೆ ಆಶಾ ಹತ್ತಿರವೇ ಇರಲಿ. ತಾರೀಕಿಗೆ 2 ವಾರ ಮುಂಚೆ ಬೇಕಾದರೂ ಚುಚ್ಚಿಸಿಕೊಳ್ಳಬಹುದು, 4 ವಾರ ತಡವಾದರೂ ನಡೆಯುತ್ತದೆ. ಊರಿಗೆ ಬರುವ ಒಂದು ಬಸ್ ತಪ್ಪಿದರೆ ಎಲ್ಲ ಹಾಳಾಯಿತು ಅಂದುಕೊಳ್ಳಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿಗೆ ದುಡ್ಡು ಕೇಳಿ ಪಡೆಯಬೇಕಾದ್ದೂ ಇಲ್ಲ. ಆಸ್ಪತ್ರೆಗೆ ಹೋಗುವುದಕ್ಕೆ ಇದು ಎಷ್ಟು ದೊಡ್ಡ ಅನುಕೂಲ ಅನ್ನುವುದು ಕೈಯಲ್ಲಿ ಕಾಸಿಲ್ಲದ ಸೊಸೆಯರಿಗೆ ಗೊತ್ತು. ಸೂಜಿ ಚುಚ್ಚಿದ ಜಾಗವನ್ನು ತಿಕ್ಕಬಾರದು, ಬಿಸಿ ಶಾಖ ಕೊಡಬಾರದು. ಹಾಗೆ ಮಾಡಿದರೆ ಮದ್ದು ಬೇಗ ಕರಗಿಹೋಗುತ್ತದೆ.

ವಂಕಿಗೆ ಸಣ್ಣ ದಾರ ಇರುತ್ತದೆ. ಗಂಡನಿಗೆ ತಗುಲುತ್ತದೆ ಅನ್ನಿಸಿದರೆ ನರ್ಸ್ ಅದನ್ನು ಇನ್ನೂ ಗಿಡ್ಡ ಮಾಡಿಕೊಡುತ್ತಾರೆ. "ವಂಕಿ ಹೊಟ್ಟೆಯೊಳಗೆ ಮೇಲೆ ಹತ್ತುತ್ತೆ, ಎದೆಗೆ ಹೋಗುತ್ತೆ" ಅನ್ನುವ ಮಾತು ಹಟ್ಟಿಯಿಂದ ಹಟ್ಟಿಗೆ ಓಡಾಡುತ್ತಿದೆ. ಎದೆಗೆ ಹೋಗುವುದಕ್ಕೆ ಗರ್ಭಚೀಲದಿಂದ ದಾರಿಯೇ ಇಲ್ಲ. ಆಗಬಹುದಾದ್ದು ಎಂದರೆ ಮೊದಲ ತಿಂಗಳುಗಳಲ್ಲಿ ತಾನಾಗೇ ಕೆಳಗೆ ಜಾರಿ ಬೀಳುವುದು. ಅದಕ್ಕೇ ಹಾಕಿಸಿ ಸುಮಾರು ಆರು ವಾರ ಆದ ಮೇಲೆ ಒಂದು ಸಲ ತೋರಿಸಿಕೊಂಡು ಬನ್ನಿ. ಗರ್ಭಚೀಲಕ್ಕೆ ತೂತಾಗುವುದೂ ಇದೆ. ಆದರೆ ಅದು ಬಹಳ ಅಪರೂಪ, ಹಾಕುವಾಗಲೇ ಆಗುವಂಥದ್ದು. ಕಲಿತ ಕೈ ಹಾಕಿದರೆ ಆ ಭಯ ಇನ್ನೂ ಕಡಿಮೆ.

ಗಂಡನಿಗೆ ಹೇಳದೆ ಮಾಡಬಹುದಾ ಅಂತ ಕೇಳುವವರಿದ್ದಾರೆ. ಹೇಳಿ ಮಾಡಿದರೆ ಒಳ್ಳೆಯದು. ಆದರೆ ಹೇಳಿದರೆ ಏಟು ಬೀಳುವ ಮನೆಗಳೂ ಇವೆ. ವಂಕಿಗಾಗಲಿ, ಸೂಜಿಗಾಗಲಿ, ಹೆಂಗಸರ ಆಪರೇಷನ್‌ಗೇ ಆಗಲಿ ಗಂಡನ ಸಹಿ ಬೇಕು ಅನ್ನುವ ನಿಯಮ ಇಲ್ಲ. ನಿಮ್ಮ ಒಪ್ಪಿಗೆ ಸಾಕು. "ಯಜಮಾನರನ್ನ ಕರ್ಕೊಂಡು ಬಾಮ್ಮ" ಅಂತ ವಾಪಸ್ ಕಳಿಸಿದರೆ ಇದನ್ನು ಧೈರ್ಯವಾಗಿ ಹೇಳಿ.

ತವರಿನಿಂದ ವಾಪಸ್ ಬರುವ ಹೊತ್ತು

ನಮ್ಮ ಕಡೆ ಮೊದಲ ಹೆರಿಗೆಗೆ ತವರಿಗೆ ಹೋದವಳು ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಗಂಡನ ಮನೆಗೆ ಬರುತ್ತಾಳೆ. ಎರಡನೇ ಬಸುರು ಹಿಂದೆಯೇ ನಿಲ್ಲುವುದು ಆಗಲೇ. ಮುಟ್ಟು ಇನ್ನೂ ಶುರುವಾಗಿಲ್ಲ, ಹಾಲು ಕುಡಿಸುತ್ತಿದ್ದೇನೆ, ಏನೂ ಆಗಲ್ಲ ಅನ್ನುವ ಧೈರ್ಯ. ಎದೆಹಾಲು ತಡೆಯುತ್ತದೆ, ನಿಜ. ಆದರೆ ಮೂರು ಮಾತು ಒಟ್ಟಿಗೆ ಇದ್ದಾಗ ಮಾತ್ರ. ಮಗುವಿಗೆ 6 ತಿಂಗಳು ತುಂಬಿರಬಾರದು, ಮುಟ್ಟು ಬಂದಿರಬಾರದು, ಹಗಲೂ ರಾತ್ರಿಯೂ ಬರೀ ಎದೆಹಾಲೇ ಕೊಡುತ್ತಿರಬೇಕು. ರಾಗಿ ಸರಿ ಶುರುವಾಯಿತು ಅಂದರೆ ಆ ರಕ್ಷಣೆ ಹೋಯಿತು. ಮುಟ್ಟು ಬರುವ ಮೊದಲೇ ಅಂಡಾಣು ಬಿಡುಗಡೆ ಆಗುವುದರಿಂದ, ಮುಟ್ಟಿಗೆ ಕಾಯುತ್ತಾ ಕೂತವರು ಒಮ್ಮೆಯೂ ಮುಟ್ಟಾಗದೆ ಮತ್ತೆ ಬಸುರಾಗುತ್ತಾರೆ.

ಹೆರಿಗೆಯಾದ ಮೇಲೆ ಮುಂದಿನ ಬಸುರಿಗೆ ಕನಿಷ್ಠ 2 ವರ್ಷ ಬಿಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಾಯಿಯ ರಕ್ತ, ಬಲ ತುಂಬಿಕೊಳ್ಳುವುದಕ್ಕೆ ಅಷ್ಟು ಕಾಲ ಬೇಕು. ಹಾಲು ಕುಡಿಸುವವರಿಗೆ ಮಾಲಾ-ಎನ್ ಮೊದಲ 6 ತಿಂಗಳು ಬೇಡ, ಹಾಲು ಕಡಿಮೆ ಆಗಬಹುದು. ಛಾಯಾ ತೊಂದರೆಯಿಲ್ಲ. ಅಂತರಾ 6 ವಾರ ಕಳೆದ ಮೇಲೆ. ವಂಕಿಯನ್ನು ಹೆರಿಗೆಯಾದ 48 ಗಂಟೆಯೊಳಗೆ ಹಾಕಬಹುದು, ಇಲ್ಲವೇ 6 ವಾರ ಬಿಟ್ಟು. ಹೆರಿಗೆಯಾದ ಕೂಡಲೇ ಹಾಕಿಸಿದರೆ ಮತ್ತೆ ಬರುವ ತಾಪತ್ರಯ ಇಲ್ಲ, ಆದರೆ ಜಾರಿ ಬೀಳುವುದು ಸ್ವಲ್ಪ ಜಾಸ್ತಿ. ಈ ಮಾತೆಲ್ಲ ಏಳೆಂಟು ತಿಂಗಳಲ್ಲಿ ತಾಯಿ ಕಾರ್ಡ್ ಹಿಡಿದು ಚೆಕಪ್‌ಗೆ ಹೋದಾಗಲೇ ಆಗಬೇಕು. ಹೆರಿಗೆ ನೋವಿನಲ್ಲಿ ಹಲ್ಲು ಕಚ್ಚಿಕೊಂಡಿರುವವಳ ಹತ್ತಿರ "ಹೂಂ" ಅನ್ನಿಸಿಕೊಂಡದ್ದು ಒಪ್ಪಿಗೆ ಅಲ್ಲ. ವಂಕಿ ಹಾಕಿದ್ದಾರಾ ಇಲ್ಲವಾ ಅನ್ನುವುದನ್ನು ಡಿಸ್ಚಾರ್ಜ್ ಆಗುವ ಮೊದಲು ಬಾಯಿಬಿಟ್ಟು ಕೇಳಿ. ಹಾಕಿದ್ದರೆ ಯಾವ ಬಗೆ, ಎಷ್ಟು ವರ್ಷದ್ದು ಅಂತ ಬರೆಸಿಕೊಳ್ಳಿ.

ಮತ್ತೆ ಮಗು ಬೇಕು ಅಂದಾಗ ಎಷ್ಟು ಬೇಗ? ವಂಕಿ ತೆಗೆಸಿದ ತಿಂಗಳೇ ಆಗಬಹುದು. ಮಾತ್ರೆ ಬಿಟ್ಟ ಮೇಲೂ ತಡವಿಲ್ಲ. ಅಂತರಾ ಮಾತ್ರ ತಡ ಮಾಡುತ್ತದೆ. ಕೊನೆಯ ಸೂಜಿಯಿಂದ ಲೆಕ್ಕ ಹಾಕಿದರೆ 7ರಿಂದ 10 ತಿಂಗಳು ಹಿಡಿಯುತ್ತದೆ. ಮಕ್ಕಳೇ ಆಗಲ್ಲ ಅಂತಲ್ಲ, ತಡವಾಗುತ್ತದೆ ಅಷ್ಟೆ. ಆರೇ ತಿಂಗಳಲ್ಲಿ ಇನ್ನೊಂದು ಮಗು ಬೇಕು ಅಂದುಕೊಂಡಿರುವವರು ಅಂತರಾ ಕಡೆ ಹೋಗುವುದು ಬೇಡ.

ಆಪರೇಷನ್

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಕರ್ನಾಟಕದಲ್ಲಿ ಮದುವೆಯಾದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಮಾಡಿಸಿಕೊಂಡವರು, 2019-21ರ ಅದೇ ಸಮೀಕ್ಷೆ ಹೇಳುವಂತೆ. ಗಂಡಸರ ಆಪರೇಷನ್ ಲೆಕ್ಕ ಸೊನ್ನೆಗೆ ಅಂಟಿಕೊಂಡಿದೆ. ಅಂದರೆ ಇಷ್ಟೆಲ್ಲ ವಿಧಾನಗಳಿದ್ದರೂ ನಮ್ಮ ಹೆಂಗಸರ ಬದುಕಿನಲ್ಲಿ ನಡೆದದ್ದು ಹೀಗೆ: ಮದುವೆ, ಬೇಗ ಬೇಗ ಎರಡು ಮಕ್ಕಳು, ಆಪರೇಷನ್. ನಡುವೆ ಅಂತರ ಇಟ್ಟುಕೊಳ್ಳುವ ದಾರಿಗಳು ಕೈಗೆ ಸಿಗಲೇ ಇಲ್ಲ. 1930ರಲ್ಲೇ, ಜಗತ್ತಿನಲ್ಲೇ ಮೊದಲು ಅನ್ನುವ ಹಾಗೆ, ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ಮೈಸೂರು ಸಂಸ್ಥಾನದೊಳಗಿದ್ದ ಜಿಲ್ಲೆಗಳು ನಮ್ಮವು. ಇಷ್ಟು ವರ್ಷದ ಮೇಲೂ ಆರಿಸಿಕೊಳ್ಳುವುದಕ್ಕೆ ಒಂದೇ ವಿಧಾನ ಅಂದರೆ ಮನಸ್ಸಿಗೆ ನೋವಾಗುತ್ತದೆ.

ಆಪರೇಷನ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಇನ್ನು ಮಕ್ಕಳು ಸಾಕು ಅನ್ನುವುದು ಗಟ್ಟಿಯಾಗಿದ್ದರೆ, ಒಂದೇ ಸಲಕ್ಕೆ ಚಿಂತೆ ಮುಗಿಯುತ್ತದೆ. ಮುಟ್ಟು ಎಂದಿನಂತೆ ಬರುತ್ತದೆ, ಹೆಂಗಸುತನ ಎಲ್ಲೂ ಹೋಗುವುದಿಲ್ಲ. ನಿಯಮದ ಪ್ರಕಾರ ಮದುವೆಯಾಗಿರಬೇಕು, ವಯಸ್ಸು 22 ದಾಟಿರಬೇಕು, ಒಂದು ಮಗುವಿಗಾದರೂ ಒಂದು ವರ್ಷ ತುಂಬಿರಬೇಕು. ಆದರೆ ನಿಯಮ ಬಿಡುತ್ತದೆ ಅಂತ 23ಕ್ಕೇ ಮಾಡಿಸಿಕೊಳ್ಳುವ ಮೊದಲು ಒಂದು ಕ್ಷಣ ಯೋಚಿಸಿ. ಮಗುವಿಗೆ ಏನಾದರೂ ಆದರೆ? ಗಂಡ ತೀರಿಕೊಂಡು ಇನ್ನೊಂದು ಮದುವೆಯಾದರೆ? ಕಟ್ಟಿದ ನಾಳವನ್ನು ಮತ್ತೆ ಜೋಡಿಸುವ ಆಪರೇಷನ್ ಇದೆ. ಆದರೆ ಅದು ದೊಡ್ಡದು, ಎಲ್ಲ ಕಡೆ ಮಾಡುವುದಿಲ್ಲ, ಫಲ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. 10 ವರ್ಷದ ವಂಕಿ ಆಪರೇಷನ್‌ನಷ್ಟೇ ಗಟ್ಟಿಯಾಗಿ ತಡೆಯುತ್ತದೆ, ಬೇಕೆಂದಾಗ ತೆಗೆಸಬಹುದು. ಮೂವತ್ತರೊಳಗಿನ ಯಾರಾದರೂ ನನ್ನನ್ನು ಕೇಳಿದರೆ, ರಕ್ತ ಚೆನ್ನಾಗಿದ್ದರೆ ಮೊದಲು ವಂಕಿ ಅನ್ನುತ್ತೇನೆ.

ಆಪರೇಷನ್ ಮಾಡಿಸುವುದೇ ಆದರೆ ಎಲ್ಲಿ ಅನ್ನುವುದು ಮುಖ್ಯ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಕ್ಯಾಂಪ್‌ನಲ್ಲಿ ಒಬ್ಬ ಡಾಕ್ಟರು ಕೆಲವೇ ಗಂಟೆಗಳಲ್ಲಿ ಎಂಬತ್ತಕ್ಕೂ ಹೆಚ್ಚು ಹೆಂಗಸರಿಗೆ ಆಪರೇಷನ್ ಮಾಡಿದರು, ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಈ ಕ್ಯಾಂಪ್ ಪದ್ಧತಿಯನ್ನೇ ನಿಲ್ಲಿಸಬೇಕು ಅಂತ ಹೇಳಿತು. ಹಾಗಾಗಿ ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆಯಂಥ ಸರಿಯಾದ ಥಿಯೇಟರ್ ಇರುವ ಕಡೆಯೇ ಹೋಗಿ. ರಕ್ತ, ಬಿ.ಪಿ., ಮೂತ್ರ ನೋಡದೆ ಟೇಬಲ್ ಹತ್ತಿಸಿದರೆ ಬೇಡ ಅನ್ನಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ, ನಮ್ಮ ಗಡಿ ಊರುಗಳಲ್ಲಿ ತೆಲುಗಿನಲ್ಲೇ ಆಗಲಿ, ಓದಿ ಹೇಳಿ ಅಂತ ಕೇಳಿ. ಆಪರೇಷನ್ ಆದ ಮೇಲೂ ಅಪರೂಪಕ್ಕೆ ಗರ್ಭ ನಿಲ್ಲುತ್ತದೆ, ಅದು ನಾಳದಲ್ಲೇ ಬೆಳೆಯುವ ಅಪಾಯ ಇರುತ್ತದೆ. ಮುಟ್ಟು ತಪ್ಪಿ ಒಂದು ಪಕ್ಕ ಹೊಟ್ಟೆನೋವು ಬಂದರೆ, ತಲೆಸುತ್ತಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಗಂಡಸರ ಆಪರೇಷನ್ ಬಗ್ಗೆ ಮನೆಯಲ್ಲಿ ಒಂದು ಸಲವಾದರೂ ಮಾತೆತ್ತಿ. ಹೆಂಗಸಿಗೆ ಹೊಟ್ಟೆ ಕೊಯ್ಯಬೇಕು, ಮಂಪರು ಬರಿಸಬೇಕು. ಗಂಡಸಿಗೆ ಚರ್ಮದಲ್ಲಿ ಸಣ್ಣ ತೂತು, ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್, ಹೊಲಿಗೆ ಇಲ್ಲ, ಕಾಲು ಗಂಟೆ ಇಪ್ಪತ್ತು ನಿಮಿಷದ ಕೆಲಸ. ಅವತ್ತೇ ಮನೆಗೆ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತಬಾರದು. "ಗಂಡಸಿಗೆ ಮಾಡಿದ್ರೆ ಶಕ್ತಿ ಹೋಗುತ್ತೆ, ನೇಗಿಲು ಹಿಡಿಯೋಕಾಗಲ್ಲ" ಅಂತ ಅತ್ತೆಯೇ ಮೊದಲು ಅಡ್ಡ ಬರುತ್ತಾರೆ. ಕಟ್ಟುವುದು ವೀರ್ಯಾಣು ಬರುವ ದಾರಿಯನ್ನು ಮಾತ್ರ. ಗಂಡಸುತನದ ಹಾರ್ಮೋನ್ ರಕ್ತದಲ್ಲಿ ಹರಿಯುವಂಥದ್ದು, ಅದಕ್ಕೆ ಏನೂ ಆಗುವುದಿಲ್ಲ. ಒಂದೇ ಎಚ್ಚರಿಕೆ, ಫಲ ಕೂಡಲೇ ಇಲ್ಲ. ಮೊದಲ 3 ತಿಂಗಳು ನಿರೋಧ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಎರಡು ಹೆರಿಗೆ, ಅದರಲ್ಲೂ ಸಿಸೇರಿಯನ್, ಅನುಭವಿಸಿದ ಹೊಟ್ಟೆಯನ್ನೇ ಮತ್ತೆ ಕೊಯ್ಯುವ ಬದಲು ಇದು ಯಾಕೆ ಆಗಬಾರದು?

ಡಾಕ್ಟರಿಗೆ ಮುಚ್ಚಿಡಬಾರದ್ದು

ಬಿ.ಪಿ. ಇದ್ದರೆ, ಕಾಲಿನಲ್ಲಿ ಯಾವಾಗಲಾದರೂ ರಕ್ತ ಹೆಪ್ಪುಗಟ್ಟಿದ್ದರೆ, ಕಣ್ಣಿಗೆ ಮಿಂಚು ಹೊಡೆದಂತಾಗಿ ತಲೆನೋವು ಬರುವವರಾದರೆ ಮಾಲಾ-ಎನ್ ಬೇಡ. ಟಿ.ಬಿ. ಮಾತ್ರೆ ಅಥವಾ ಮೂರ್ಛೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಲೇಬೇಕು. ಅವುಗಳಲ್ಲಿ ಕೆಲವು ಮಾಲಾ-ಎನ್ ಬಲವನ್ನೇ ಇಳಿಸಿಬಿಡುತ್ತವೆ. ಪಿ.ಸಿ.ಓ.ಡಿ. (ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ) ಇದ್ದವರಿಗೆ, ಇತ್ತೀಚೆಗೆ ಕಾಮಾಲೆ ಆದವರಿಗೆ ಛಾಯಾ ಆಗದು. ಕೆಳಹೊಟ್ಟೆಯಲ್ಲಿ ನೋವಿದ್ದು ವಾಸನೆಯ ಬಿಳಿಸೆರಗು ಹೋಗುತ್ತಿದ್ದರೆ ಮೊದಲು ಅದಕ್ಕೆ ಮದ್ದು, ಆಮೇಲೆ ವಂಕಿ. ಯಾಕೆ ಅಂತ ಗೊತ್ತಿಲ್ಲದ ರಕ್ತಸ್ರಾವ ಇದ್ದರೆ ಕಾರಣ ತಿಳಿಯುವವರೆಗೆ ವಂಕಿಯೂ ಸೂಜಿಯೂ ಬೇಡ.

ಮತ್ತೊಂದು ಮಾತು. ಎಚ್‌ಐವಿ ಮತ್ತು ಲೈಂಗಿಕ ರೋಗಗಳನ್ನು ತಡೆಯುವುದು ನಿರೋಧ್ ಒಂದೇ. ಲಾರಿ ಓಡಿಸುವ, ತಿಂಗಳುಗಟ್ಟಲೆ ಬೇರೆ ಊರಿನಲ್ಲಿರುವ ಗಂಡನ ಬಗ್ಗೆ ಅನುಮಾನ ಇದ್ದರೆ ವಂಕಿಯ ಜೊತೆಗೆ ಅದೂ ಇರಲಿ. ನಿರೋಧ್ ಜೊತೆ ಕೊಬ್ಬರಿ ಎಣ್ಣೆ ಬಳಸಬೇಡಿ, ರಬ್ಬರ್ ಹರಿದುಹೋಗುತ್ತದೆ.

ತಪ್ಪಿಹೋದಾಗ

ನಿರೋಧ್ ಹರಿಯಿತು, ಮಾತ್ರೆ ಮರೆತಿತ್ತು, ಬಲವಂತ ನಡೆಯಿತು. ಹೀಗಾದರೆ 72 ಗಂಟೆಯೊಳಗೆ ಈಜಿ ಪಿಲ್ ನುಂಗಬೇಕು. ಎಷ್ಟು ಬೇಗ ಅಷ್ಟು ಒಳ್ಳೆಯದು. ಆಶಾ ಹತ್ತಿರ ಸಿಗುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಬೇರೆ ಹೆಸರುಗಳಲ್ಲಿ ಇದೇ ಮಾತ್ರೆಯನ್ನು ಚೀಟಿಯಿಲ್ಲದೆ ಕೊಡುತ್ತಾರೆ. ತಿಂಗಳು ತಿಂಗಳು ಇದನ್ನೇ ನೆಚ್ಚಿಕೊಳ್ಳಬಾರದು, ಮಾಮೂಲಿ ವಿಧಾನಗಳಷ್ಟು ಇದು ಗಟ್ಟಿಯಲ್ಲ. 5 ದಿನದೊಳಗೆ ವಂಕಿ ಹಾಕಿಸಿದರೂ ಗರ್ಭ ನಿಲ್ಲುವುದಿಲ್ಲ. ತುರ್ತಿಗೆ ಎಲ್ಲಕ್ಕಿಂತ ಗಟ್ಟಿ ಅದೇ.

ಗರ್ಭ ನಿಂತೇಬಿಟ್ಟರೆ ಅಂಗಡಿಯಿಂದ ಗರ್ಭಪಾತದ ಕಿಟ್ ತರಿಸಿ ಗುಟ್ಟಾಗಿ ನುಂಗಬೇಡಿ. ವಿಪರೀತ ರಕ್ತ ಹೋಗಿ ಜೀವಕ್ಕೆ ಕುತ್ತು ಬರಬಹುದು. ಗರ್ಭಪಾತಕ್ಕೆ 1971ರಿಂದ ಕಾನೂನು ಇದೆ. 2021ರ ತಿದ್ದುಪಡಿಯ ನಂತರ, ಗರ್ಭನಿರೋಧಕ ಕೈಕೊಟ್ಟಿತು ಅನ್ನುವ ಕಾರಣಕ್ಕೆ ಮದುವೆಯಾಗದವರೂ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯದ ಮೇಲೆ ಮಾಡಿಸಿಕೊಳ್ಳಬಹುದು. ಮದುವೆಯಾದವರು, ಆಗದವರು ಅಂತ ಭೇದ ಮಾಡಬಾರದು ಅಂತ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಹೆಸರನ್ನು ಗುಟ್ಟಾಗಿ ಇಡಬೇಕಾದ್ದು ಆಸ್ಪತ್ರೆಯ ಹೊಣೆ. ಪಿ.ಜಿ., ಹಾಸ್ಟೆಲ್‌ಗಳಲ್ಲಿದ್ದು ಕೆಲಸ ಮಾಡುವ ಹುಡುಗಿಯರು ಇದನ್ನು ತಿಳಿದಿರಲೇಬೇಕು.

ಒಗ್ಗದಿದ್ದರೆ ಬದಲಾಯಿಸಿ

ಒಂದು ಸಲ ಆರಿಸಿದ್ದಕ್ಕೆ ಜೀವನಪೂರ್ತಿ ಕಟ್ಟುಬಿದ್ದಿರಬೇಕಾಗಿಲ್ಲ. ವಂಕಿ ತೆಗೆಯಿರಿ ಅಂದಾಗ "ಇನ್ನೊಂದು ಆರು ತಿಂಗಳು ನೋಡಮ್ಮ" ಅನ್ನುವವರು ಇರುತ್ತಾರೆ. ಸಲಹೆ ಕೇಳಿ, ಯೋಚಿಸಿ. ಆದರೂ ಬೇಡ ಅನ್ನಿಸಿದರೆ ತೆಗೆಸಿಕೊಳ್ಳುವುದು ನಿಮ್ಮ ಹಕ್ಕು. ಎರಡು ಮೂರು ನಿಮಿಷದ ಕೆಲಸ, ಕಾರಣ ಕೊಡಬೇಕಾಗಿಯೂ ಇಲ್ಲ. ಮನೆಯಲ್ಲಿ ಎಳೆದುಕೊಳ್ಳಲು ಮಾತ್ರ ಹೋಗಬೇಡಿ. ಆರೋಗ್ಯ ಕೇಂದ್ರದಲ್ಲಿ ಆಗದಿದ್ದರೆ ಜಿಲ್ಲಾಸ್ಪತ್ರೆಗೆ ಹೋಗಿ, ಅಥವಾ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ.

ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ "ಮೈಗೆ ಸ್ವಲ್ಪ ರೆಸ್ಟ್" ಅಂತ ನಡುವೆ ತಿಂಗಳು ಖಾಲಿ ಬಿಡುವ ಅಭ್ಯಾಸ ನಮ್ಮಲ್ಲಿ ಇದೆ. ಅದರ ಅಗತ್ಯ ಇಲ್ಲ. ಬೇಡದ ಬಸುರು ನಿಲ್ಲುವುದು ಆ ಖಾಲಿ ತಿಂಗಳಲ್ಲೇ. ಸೂಜಿಯಿಂದ ಮಾತ್ರೆಗೆ ಹೋಗುವವರು ಮುಂದಿನ ಸೂಜಿಯ ತಾರೀಕಿಗೇ ಮಾತ್ರೆ ಶುರುಮಾಡಬಹುದು. ವಂಕಿ ತೆಗೆಸುವವರು ಒಂದು ವಾರ ಮೊದಲೇ ಮಾತ್ರೆ ಶುರುಮಾಡಿಕೊಂಡು ಆಮೇಲೆ ತೆಗೆಸಿದರೆ ಒಂದು ದಿನವೂ ರಕ್ಷಣೆ ತಪ್ಪುವುದಿಲ್ಲ.